ಗೆದ್ದವನು ಫ್ರೇಜರ್, ಉಳಿದವನು ಅಲಿ

1971ರ ಮಾರ್ಚ್ 8ರ ರಾತ್ರಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಮೀಡಿಯಾ ಎಂಬ ಸಣ್ಣ ಊರಿನಲ್ಲಿ ಎಫ್‌ಬಿಐ ಕಚೇರಿಯೊಂದಕ್ಕೆ ಕನ್ನ ಬಿತ್ತು. ಕನ್ನ ಹಾಕಿದವರು ಕಸುಬಿನ ಕಳ್ಳರಲ್ಲ. ಎಂಟು ಜನರ ಆ ತಂಡದಲ್ಲಿ ಒಬ್ಬ ಭೌತಶಾಸ್ತ್ರದ ಪ್ರಾಧ್ಯಾಪಕನಿದ್ದ, ಒಬ್ಬ ಟ್ಯಾಕ್ಸಿ ಓಡಿಸುವವನಿದ್ದ. ವಿಯೆಟ್ನಾಂ ಯುದ್ಧವನ್ನು ವಿರೋಧಿಸುವವರ ಮೇಲೆ ಸರ್ಕಾರ ಗುಟ್ಟಾಗಿ ಕಣ್ಣಿಟ್ಟಿದೆ ಎಂಬ ಅನುಮಾನಕ್ಕೆ ಪುರಾವೆ ಹುಡುಕುತ್ತಿದ್ದರು. ಬೀಗ ತೆಗೆದು, ಸೂಟ್‌ಕೇಸುಗಳಿಗೆ ಕಡತಗಳನ್ನು ತುಂಬಿಕೊಂಡು ಹೋದರು. ಯಾರೂ ಸಿಕ್ಕಿಬೀಳಲಿಲ್ಲ. ದಶಕಗಳ ನಂತರ, 2014ರಲ್ಲಿ, ಅವರಲ್ಲಿ ಹಲವರು ತಾವೇ ಹೆಸರು ಹೇಳಿಕೊಂಡಾಗ ಒಂದು ಸಂಗತಿ ಎಲ್ಲರ ಬಾಯಲ್ಲೂ ಆಡಿತು: ಆ ದಿನವನ್ನು ಬೇಕೆಂದೇ ಆರಿಸಿಕೊಂಡಿದ್ದರು. ಅಂದು ರಾತ್ರಿ ಊರಿನವರ, ಕಾವಲಿನವರ, ಪೊಲೀಸರ ಕಿವಿಯೆಲ್ಲ ನ್ಯೂಯಾರ್ಕಿನ ಕಡೆಗಿರುತ್ತದೆ ಎಂಬುದು ಅವರ ಲೆಕ್ಕ. ಅಲ್ಲಿ ಮುಹಮ್ಮದ್ ಅಲಿ ಮತ್ತು ಜೋ ಫ್ರೇಜರ್ ಸೆಣಸುತ್ತಿದ್ದರು.

ಲೆಕ್ಕ ತಪ್ಪಲಿಲ್ಲ. ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಒಳಗೆ 20,455 ಜನ ಸೇರಿದ್ದರು. ರಿಂಗಿನ ಪಕ್ಕದ ಸೀಟಿಗೆ 150 ಡಾಲರ್. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ಗಾಯಕ ಫ್ರಾಂಕ್ ಸಿನಾತ್ರಾ ‘ಲೈಫ್’ ಪತ್ರಿಕೆಗಾಗಿ ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡು ಹಗ್ಗದ ಪಕ್ಕದಲ್ಲಿದ್ದ. ಅದೇ ಪತ್ರಿಕೆಗೆ ಬರೆಯಲು ಕಾದಂಬರಿಕಾರ ನಾರ್ಮನ್ ಮೈಲರ್ ಬಂದಿದ್ದ. ಗೆದ್ದವನಿಗೂ ಸೋತವನಿಗೂ ತಲಾ 25 ಲಕ್ಷ ಡಾಲರ್. ವೃತ್ತಿಪರ ಕಣದಲ್ಲಿ ಅಲಿ 31 ಪಂದ್ಯ ಆಡಿದ್ದ, ಫ್ರೇಜರ್ 26. ಇಬ್ಬರೂ ಒಂದನ್ನೂ ಸೋತಿರಲಿಲ್ಲ.

ಹದಿನೈದು ಸುತ್ತು ಮುಗಿದಾಗ ಮೂವರು ತೀರ್ಪುಗಾರರೂ ಫ್ರೇಜರ್ ಗೆದ್ದನೆಂದರು. ಈಗ ದಾರಿಯಲ್ಲಿ ಹೋಗುವ ಯಾರನ್ನಾದರೂ ನಿಲ್ಲಿಸಿ ಒಬ್ಬ ಬಾಕ್ಸರ್ ಹೆಸರು ಹೇಳಿ ಎಂದರೆ ಬರುವ ಉತ್ತರ ಅಲಿ. ಫ್ರೇಜರ್ ಯಾರು ಎಂದರೆ, ಅಲಿ ಜೊತೆ ಆಡಿದವನು. ಇದು ಹೇಗಾಯಿತು ಎಂಬುದೇ ಈ ಉಪನ್ಯಾಸದ ವಿಷಯ. ಅಲಿ ಹೆಚ್ಚು ಚೆಂದ ಆಡುತ್ತಿದ್ದ, ಹೆಚ್ಚು ಚೆಂದ ಮಾತಾಡುತ್ತಿದ್ದ ಎಂಬ ಉತ್ತರ ಸುಲಭದ್ದು, ಒಂದು ಮಟ್ಟಿಗೆ ನಿಜವೂ ಹೌದು. ಆದರೆ ಅಭಿಮಾನ ಎಂಬುದು ಯಾರ ಪಾಲಿಗೆ ಹೇಗೆ ಹಂಚಿಹೋಗುತ್ತದೆ ಎಂಬ ಪ್ರಶ್ನೆಗೆ ಅದು ಉತ್ತರ ಕೊಡುವುದಿಲ್ಲ. 1971ರಲ್ಲಿ ಅಲಿಗೆ ಅಭಿಮಾನಿಗಳಿದ್ದರು. ಫ್ರೇಜರ್ ಬೆನ್ನಿಗೆ ನಿಂತವರಲ್ಲಿ ಬಹುಪಾಲು ಜನ ಫ್ರೇಜರ್‌ನ ಅಭಿಮಾನಿಗಳೇ ಆಗಿರಲಿಲ್ಲ. ಅವರು ಅಲಿಯ ವೈರಿಗಳು. ಹಾಗೆ ಕೂಡಿಬಂದ ಗುಂಪು ಪಂದ್ಯ ಮುಗಿದ ಕೂಡಲೇ ಮನೆಗೆ ಹೋಗುತ್ತದೆ.

ಬಾಕ್ಸಿಂಗ್‌ನಲ್ಲಿ ಇದು ಹೊಸದೇನಲ್ಲ. ಕಪ್ಪು ಜನಾಂಗದ ಮೊದಲ ಹೆವಿವೇಟ್ ಚಾಂಪಿಯನ್ ಜಾಕ್ ಜಾನ್ಸನ್ 1908ರಲ್ಲಿ ಸಿಡ್ನಿಯಲ್ಲಿ ಪಟ್ಟ ಗೆದ್ದಾಗ ಅಮೆರಿಕದ ಬಿಳಿಯರು ಅವನನ್ನು ಕೆಡವಬಲ್ಲ ಬಿಳಿಯನೊಬ್ಬನಿಗಾಗಿ ಹುಡುಕಾಟ ಶುರುಮಾಡಿದರು. ನಿವೃತ್ತನಾಗಿ ಹೊಲ ನೋಡಿಕೊಂಡಿದ್ದ ಹಳೆಯ ಚಾಂಪಿಯನ್ ಜಿಮ್ ಜೆಫ್ರೀಸ್‌ನನ್ನು ಎಳೆದು ತಂದರು. 1910ರ ಜುಲೈ 4ರಂದು ರೀನೋ ಪಟ್ಟಣದಲ್ಲಿ ಜಾನ್ಸನ್ ಅವನನ್ನು ಹದಿನೈದನೇ ಸುತ್ತಿನಲ್ಲಿ ಮುಗಿಸಿದ. ಅಂದು ರಾತ್ರಿ ದೇಶದ ಹಲವು ಊರುಗಳಲ್ಲಿ ಗಲಭೆಯಾಯಿತು, ಸಾವುಗಳಾದವು, ಸತ್ತವರಲ್ಲಿ ಹೆಚ್ಚಿನವರು ಕರಿಯರು. ಜಾನ್ಸನ್ ಚಿನ್ನದ ಹಲ್ಲು ತೋರಿಸಿ ನಗುತ್ತಿದ್ದ, ವೇಗದ ಕಾರು ಓಡಿಸುತ್ತಿದ್ದ, ಬಿಳಿಯ ಹೆಂಗಸರನ್ನು ಮದುವೆಯಾಗಿದ್ದ. ರಿಂಗಿನಲ್ಲಿ ಮಾಡಲಾಗದ್ದನ್ನು ನ್ಯಾಯಾಲಯದಲ್ಲಿ ಮಾಡಿದರು. 1913ರಲ್ಲಿ ಅವನಿಗೆ ಶಿಕ್ಷೆಯಾಯಿತು. ಅಧ್ಯಕ್ಷರ ಕ್ಷಮಾದಾನ ಬಂದದ್ದು 2018ರಲ್ಲಿ, ಅವನು ಸತ್ತು ಎಪ್ಪತ್ತು ವರ್ಷ ಕಳೆದ ಮೇಲೆ.

ಜಾನ್ಸನ್ 1915ರಲ್ಲಿ ಪಟ್ಟ ಕಳೆದುಕೊಂಡ ಮೇಲೆ ಇನ್ನೊಬ್ಬ ಕರಿಯ ಆ ಪಟ್ಟ ಏರಲು ಇಪ್ಪತ್ತೆರಡು ವರ್ಷ ಬೇಕಾಯಿತು. ಆ ಇನ್ನೊಬ್ಬ ಜೋ ಲೂಯಿಸ್. ಅವನ ಮ್ಯಾನೇಜರ್ ಜಾನ್ ರಾಕ್ಸ್‌ಬರೊ, ತಾನೂ ಕರಿಯನೇ, ಹುಡುಗನ ಮುಂದೆ ಮೊದಲೇ ನಿಯಮಗಳನ್ನು ಇಟ್ಟಿದ್ದ. ಬಿಳಿಯ ಹೆಂಗಸಿನ ಜೊತೆ ಫೋಟೊ ತೆಗೆಸಿಕೊಳ್ಳಬಾರದು. ಬಿದ್ದ ಎದುರಾಳಿಯ ಮುಂದೆ ಹಿಗ್ಗಬಾರದು. ಕ್ಯಾಮೆರಾ ಮುಂದೆ ಮುಖದಲ್ಲಿ ಭಾವನೆ ಕಾಣಬಾರದು. ಲೂಯಿಸ್‌ನ ಹಳೆಯ ಚಿತ್ರಗಳಲ್ಲಿ ಕಾಣುವ ಆ ಕಲ್ಲಿನಂಥ ಮುಖವನ್ನು ಹುಟ್ಟುಗುಣ ಎಂದು ಹೊಗಳಿದವರಿದ್ದಾರೆ. ಅದು ಅಭ್ಯಾಸ ಮಾಡಿ ತಂದುಕೊಂಡ ಮುಖ. ಜಾನ್ಸನ್ ನಕ್ಕಿದ್ದಕ್ಕೆ ಲೂಯಿಸ್ ದಂಡ ಕಟ್ಟುತ್ತಿದ್ದ.

ಲೂಯಿಸ್‌ನ ಎದುರಾಳಿಯದು ಇನ್ನೂ ವಿಚಿತ್ರ ಕಥೆ. ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗ್ ಲೂಯಿಸ್‌ನ ಪಂದ್ಯಗಳನ್ನು ಗಮನವಿಟ್ಟು ನೋಡಿ, ಎಡಗೈಯಲ್ಲಿ ಜ್ಯಾಬ್ ಹೊಡೆದ ಮೇಲೆ ಲೂಯಿಸ್ ಆ ಕೈಯನ್ನು ಕೆಳಗಿಳಿಸುತ್ತಾನೆ ಎಂದು ಪತ್ತೆಹಚ್ಚಿದ. 1936ರಲ್ಲಿ ಆ ಸಂದಿನಲ್ಲೇ ಬಲಗೈ ತೂರಿಸಿ ಹನ್ನೆರಡನೇ ಸುತ್ತಿನಲ್ಲಿ ಕೆಡವಿದ. ನಾಜಿಗಳು ಅದನ್ನು ತಮ್ಮ ಜನಾಂಗದ ಗೆಲುವೆಂದು ಸಾರಿದರು. 1938ರ ಜೂನ್ 22ರಂದು ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂನಲ್ಲಿ ಸುಮಾರು ಎಪ್ಪತ್ತು ಸಾವಿರ ಜನರ ಮುಂದೆ ಮರುಪಂದ್ಯ. ಎರಡು ನಿಮಿಷ ನಾಲ್ಕು ಸೆಕೆಂಡಿಗೆ ಷ್ಮೆಲಿಂಗ್ ಮುಗಿದುಹೋದ. ಲೂಯಿಸ್‌ನ ಅಣ್ಣತಮ್ಮಂದಿರನ್ನು ಬಸ್ಸಿನ ಹಿಂದಿನ ಸೀಟಿಗೆ ತಳ್ಳುತ್ತಿದ್ದ ದೇಶಕ್ಕೆ ಅವನು ಅಂದು ಪ್ರಜಾಪ್ರಭುತ್ವದ ಪ್ರತಿನಿಧಿಯಾದ. ಷ್ಮೆಲಿಂಗ್ ನಾಜಿ ಪಕ್ಷದ ಸದಸ್ಯನೇ ಆಗಿರಲಿಲ್ಲ. ಅಮೆರಿಕದಲ್ಲಿ ಅವನ ಮ್ಯಾನೇಜರ್ ಜೋ ಜೇಕಬ್ಸ್ ಯಹೂದಿ. ಅದೇ 1938ರ ನವೆಂಬರಿನಲ್ಲಿ ಬರ್ಲಿನ್ನಿನ ಯಹೂದಿಗಳ ಮನೆ ಅಂಗಡಿಗಳ ಮೇಲೆ ದಾಳಿ ನಡೆದಾಗ ಇಬ್ಬರು ಯಹೂದಿ ಹುಡುಗರನ್ನು ತನ್ನ ಕೋಣೆಯಲ್ಲಿ ಬಚ್ಚಿಟ್ಟು ಕಾಪಾಡಿದ. ಪಂದ್ಯ ನೋಡಲು ಬಂದ ಜನಕ್ಕೆ ಇದ್ಯಾವುದೂ ಬೇಕಿರಲಿಲ್ಲ. ಅವರಿಗೊಬ್ಬ ಜರ್ಮನ್ ಬೇಕಿದ್ದ, ಸಿಕ್ಕಿದ್ದ.

ಜಾನ್ಸನ್‌ಗೂ ಲೂಯಿಸ್‌ಗೂ ಪಾತ್ರ ಹಂಚಿದವರು ಬೇರೆಯವರು. ಪಾತ್ರ ಹಂಚುವ ಕೆಲಸವನ್ನೇ ಕೈಗೆ ತೆಗೆದುಕೊಂಡವನು ಅಲಿ.

ಕೆಂಟಕಿಯ ಲೂಯಿವಿಲ್ ನಗರದಲ್ಲಿ 1942ರಲ್ಲಿ ಹುಟ್ಟಿದ ಕ್ಯಾಷಿಯಸ್ ಕ್ಲೇಯ ತಂದೆ ಅಂಗಡಿಗಳ ಬೋರ್ಡು ಬರೆಯುವ ಪೇಂಟರ್. ಹನ್ನೆರಡನೇ ವಯಸ್ಸಿಗೆ ಹೊಸ ಸೈಕಲ್ ಕಳವಾಯಿತೆಂದು ದೂರು ಕೊಡಲು ಹೋದ ಹುಡುಗ ಕಳ್ಳನನ್ನು ಹೊಡೆಯುತ್ತೇನೆ ಎಂದು ಕೂಗಾಡಿದ. ಬಾಕ್ಸಿಂಗ್ ಕಲಿಸುತ್ತಿದ್ದ ಪೊಲೀಸ್ ಜೋ ಮಾರ್ಟಿನ್, ಮೊದಲು ಹೊಡೆಯುವುದು ಹೇಗೆಂದು ಕಲಿ ಎಂದ. ಹುಡುಗ 1960ರಲ್ಲಿ ರೋಮ್ ಒಲಿಂಪಿಕ್ಸ್‌ನ ಚಿನ್ನ ತಂದ. ಲೂಯಿವಿಲ್‌ನ ಹನ್ನೊಂದು ಮಂದಿ ಬಿಳಿಯ ಸಾಹುಕಾರರು ಕೂಡಿ ಅವನ ವೃತ್ತಿಗೆ ಬಂಡವಾಳ ಹಾಕಿದರು. ಈ ಹನ್ನೊಂದು ಮಂದಿಯನ್ನು ನೆನಪಿಟ್ಟುಕೊಳ್ಳಬೇಕು. ಮುಂದೆ ಕೆಲಸಕ್ಕೆ ಬರುತ್ತಾರೆ.

1961ರಲ್ಲಿ ಲಾಸ್ ವೇಗಸ್‌ನಲ್ಲಿ ಅವನಿಗೆ ಗಾರ್ಜಸ್ ಜಾರ್ಜ್ ಎಂಬ ಕುಸ್ತಿಪಟುವಿನ ಭೇಟಿಯಾಯಿತು. ಟಿವಿ ಕುಸ್ತಿಯ ಆ ಖಳನಾಯಕ ಕೂದಲಿಗೆ ಚಿನ್ನದ ಬಣ್ಣ ಹಚ್ಚಿಕೊಂಡು, ಜರತಾರಿ ನಿಲುವಂಗಿ ತೊಟ್ಟು ಬರುತ್ತಿದ್ದ. ಅವನ ಬಡಾಯಿ ಕೇಳಿ ಜನ ಉರಿದುಬೀಳುತ್ತಿದ್ದರು. ಉರಿದುಬಿದ್ದವರೆಲ್ಲ ಟಿಕೆಟ್ ಕೊಂಡೇ ಒಳಗೆ ಬಂದವರು. ಇಷ್ಟಪಟ್ಟು ಬರುವವನ ದುಡ್ಡಿಗೂ ಇವತ್ತಾದರೂ ಇವನ ಹಲ್ಲು ಉದುರಲಿ ಎಂದು ಬರುವವನ ದುಡ್ಡಿಗೂ ಬೆಲೆ ಒಂದೇ ಎಂಬ ಪಾಠವನ್ನು ಹತ್ತೊಂಬತ್ತರ ಹುಡುಗ ಅಲ್ಲಿ ಕಲಿತ. ಅಲ್ಲಿಂದಾಚೆ ಯಾವ ಸುತ್ತಿನಲ್ಲಿ ಎದುರಾಳಿ ಬೀಳುತ್ತಾನೆ ಎಂದು ಪ್ರಾಸ ಕಟ್ಟಿ ಹೇಳುವುದು, ಎದುರಾಳಿಗೊಂದು ಅಡ್ಡಹೆಸರಿಡುವುದು, ತೂಕ ನೋಡುವ ಹೊತ್ತಿನಲ್ಲಿ ಹುಚ್ಚನಂತೆ ಅರಚುವುದು ಎಲ್ಲ ಶುರುವಾದವು. 1964ರ ಫೆಬ್ರುವರಿ 25ರಂದು ಮಯಾಮಿ ಬೀಚ್‌ನಲ್ಲಿ ಆಗಿನ ಚಾಂಪಿಯನ್ ಸಾನಿ ಲಿಸ್ಟನ್ ಏಳನೇ ಸುತ್ತಿಗೆ ಏಳದೆ ಸ್ಟೂಲಿನ ಮೇಲೆ ಕುಳಿತೇ ಇದ್ದಾಗ ಬಡಾಯಿ ನಿಜವಾಗಿಬಿಟ್ಟಿತ್ತು.

ಆಮೇಲೆ ನಡೆದದ್ದು ತಮಾಷೆಯ ಮಾತಲ್ಲ. ಅವನು ‘ನೇಷನ್ ಆಫ್ ಇಸ್ಲಾಂ’ ಎಂಬ ಕರಿಯ ಮುಸ್ಲಿಮರ ಸಂಘಟನೆ ಸೇರಿದ್ದು ಬಹಿರಂಗವಾಯಿತು, ಮುಹಮ್ಮದ್ ಅಲಿಯಾದ. ದೊಡ್ಡ ಪತ್ರಿಕೆಗಳೇ ವರ್ಷಗಟ್ಟಲೆ ಕ್ಲೇ ಎಂದೇ ಬರೆದವು. ಎದುರಾಳಿಗಳೂ ಹಾಗೆಯೇ ಕರೆದರು. 1967ರ ಫೆಬ್ರುವರಿಯಲ್ಲಿ ಹ್ಯೂಸ್ಟನ್ನಿನಲ್ಲಿ ಅರ್ನಿ ಟೆರೆಲ್‌ನನ್ನು ಹದಿನೈದು ಸುತ್ತು ಬಡಿಯುತ್ತ ಅಲಿ ನನ್ನ ಹೆಸರೇನು ಎಂದು ಕೇಳುತ್ತಲೇ ಇದ್ದ. ನೋಡಲು ಹಿತವಾದ ಪಂದ್ಯವಲ್ಲ ಅದು. ಅದೇ ವರ್ಷ ಏಪ್ರಿಲ್ 28ರಂದು ಸೇನೆಗೆ ಸೇರಲು ನಿರಾಕರಿಸಿದ. ಪಟ್ಟ ಹೋಯಿತು, ಆಡುವ ಪರವಾನಗಿ ಹೋಯಿತು, ಐದು ವರ್ಷ ಸೆರೆ ಮತ್ತು ಹತ್ತು ಸಾವಿರ ಡಾಲರ್ ದಂಡದ ಶಿಕ್ಷೆ ಬಿತ್ತು. ಮೇಲ್ಮನವಿ ನಡೆಯುತ್ತಿದ್ದುದರಿಂದ ಜೈಲಿಗೆ ಹೋಗಲಿಲ್ಲ, ಆದರೆ ದೇಹ ಅತ್ಯುತ್ತಮ ಸ್ಥಿತಿಯಲ್ಲಿದ್ದ ಮೂರೂವರೆ ವರ್ಷ ರಿಂಗಿನ ಹೊರಗೆ ಕಳೆಯಿತು. ಆ ಅವಧಿಯಲ್ಲಿ ಯುದ್ಧವಿರೋಧಿ ವಿದ್ಯಾರ್ಥಿಗಳಿಗೆ, ಕರಿಯರ ಹೊಸ ತಲೆಮಾರಿಗೆ ಅವನು ತಮ್ಮವನಾದ. ಈ ಅಭಿಮಾನ ಬಿಟ್ಟಿಯಾಗಿ ಸಿಕ್ಕದ್ದಲ್ಲ. ಕೋಟಿಗಟ್ಟಲೆ ಹಣ ಬಿಟ್ಟುಕೊಟ್ಟು ಪಡೆದದ್ದು.

ಈಗ ಇನ್ನೊಬ್ಬನ ಕಡೆ ತಿರುಗಬಹುದು. ಅವನ ಕಡೆ ತಿರುಗಿದವರು ಕಡಿಮೆ.

ದಕ್ಷಿಣ ಕೆರೊಲಿನಾದ ಬ್ಯೂಫರ್ಟ್ ಬಳಿ 1944ರಲ್ಲಿ ಹುಟ್ಟಿದ ಜೋ ಫ್ರೇಜರ್ ಬಡ ಒಕ್ಕಲು ಮನೆಯ ಹನ್ನೆರಡನೇ ಮಗು. ಅಪ್ಪ ರೂಬಿನ್‌ಗೆ ಎಡಗೈಯ ಮುಂಭಾಗ ಇರಲಿಲ್ಲ. ಅಪ್ಪ ಏನನ್ನಾದರೂ ಕಟ್ಟುವಾಗ, ಬಿಗಿಯುವಾಗ ಚಿಕ್ಕ ಜೋ ಪಕ್ಕದಲ್ಲಿ ನಿಂತು ಆ ಎಡಗೈಯಾಗಿರುತ್ತಿದ್ದ. ಮನೆಗೊಂದು ಕಪ್ಪುಬಿಳುಪು ಟಿವಿ ಬಂದಾಗ ನೆರೆಹೊರೆಯವರೆಲ್ಲ ಬಾಕ್ಸಿಂಗ್ ನೋಡಲು ಸೇರುತ್ತಿದ್ದರು. ಒಂದು ಸಂಜೆ ಹುಡುಗನ ಗಟ್ಟಿ ಮೈಕಟ್ಟು ನೋಡಿ ಮಾವನೊಬ್ಬ ಇವನು ಇನ್ನೊಬ್ಬ ಜೋ ಲೂಯಿಸ್ ಆಗುತ್ತಾನೆ ಎಂದನಂತೆ. ಮರುದಿನವೇ ಹುಡುಗ ಗೋಣಿಚೀಲವೊಂದಕ್ಕೆ ಚಿಂದಿಬಟ್ಟೆ, ಜೋಳದ ದಿಂಡು, ಮರದಿಂದ ಜೋತುಬೀಳುವ ಪಾಚಿ ತುಂಬಿ, ನಡುವೆ ಒಂದು ಇಟ್ಟಿಗೆ ಇಟ್ಟು, ಹಿತ್ತಿಲಿನ ಓಕ್ ಮರಕ್ಕೆ ನೇತುಹಾಕಿದ. ವರ್ಷಗಟ್ಟಲೆ ಅದನ್ನೇ ಗುದ್ದಿದ. ಮನೆಯಲ್ಲಿ ಮುನ್ನೂರು ಪೌಂಡಿನ ಹಂದಿಯೊಂದಿತ್ತು. ಒಮ್ಮೆ ಅದನ್ನು ಕೋಲಿನಿಂದ ಕೆಣಕಿದಾಗ ಗೂಡಿನಿಂದ ನುಗ್ಗಿ ಬೆನ್ನಟ್ಟಿತು. ಓಡುತ್ತ ಬಿದ್ದು ಎಡಗೈ ಇಟ್ಟಿಗೆಗೆ ಬಡಿದು ಜಖಂ ಆಯಿತು. ಡಾಕ್ಟರಿಗೆ ಕೊಡಲು ಕಾಸಿರಲಿಲ್ಲ. ಕೈ ತಾನಾಗಿಯೇ ವಾಸಿಯಾಯಿತು, ಆದರೆ ಮೊಣಕೈ ಮತ್ತೆಂದೂ ಪೂರ್ತಿ ನೆಟ್ಟಗಾಗಲಿಲ್ಲ. ಲೆಫ್ಟ್ ಹುಕ್ ಹೊಡೆಯಲು ಕೈ ಎಷ್ಟು ಬಾಗಿರಬೇಕೋ ಅಷ್ಟು ಬಾಗಿಯೇ ಉಳಿಯಿತು. ಅಲಿಯನ್ನು ಕೆಡವಿದ್ದು ಆ ಕೈ.

ಹದಿನೈದಕ್ಕೇ ಊರು ಬಿಟ್ಟು, ನ್ಯೂಯಾರ್ಕ್ ಮೂಲಕ ಫಿಲಡೆಲ್ಫಿಯಾ ಸೇರಿ ಕಸಾಯಿಖಾನೆಯೊಂದರಲ್ಲಿ ಕೆಲಸಕ್ಕೆ ನಿಂತ. ಅಲ್ಲಿನ ಶೀತಲ ಕೋಣೆಯಲ್ಲಿ ಕೊಕ್ಕೆಗೆ ನೇತುಹಾಕಿದ ದನದ ಮಾಂಸದ ಪಕ್ಕೆಗಳನ್ನು ಗುದ್ದಿ ಅಭ್ಯಾಸ ಮಾಡುತ್ತಿದ್ದ. 1964ರ ಟೋಕಿಯೊ ಒಲಿಂಪಿಕ್ಸ್‌ಗೆ ಅವನು ಆಯ್ಕೆಯೇ ಆಗಿರಲಿಲ್ಲ. ಅವನನ್ನು ಸೋಲಿಸಿದ ಬಸ್ಟರ್ ಮ್ಯಾಥಿಸ್ ಗಾಯಗೊಂಡಿದ್ದರಿಂದ ಬದಲಿಯಾಗಿ ಹೋದ. ಸೆಮಿಫೈನಲ್‌ನಲ್ಲಿ ಹೆಬ್ಬೆರಳು ಮುರಿಯಿತು, ಯಾರಿಗೂ ಹೇಳದೆ ಫೈನಲ್ ಆಡಿ ಚಿನ್ನ ಗೆದ್ದ. ಫಿಲಡೆಲ್ಫಿಯಾದ ಉದ್ಯಮಿಗಳು ‘ಕ್ಲೋವರ್‌ಲೇ’ ಎಂಬ ಕಂಪನಿ ಮಾಡಿ, ಷೇರು ಎತ್ತಿ ಅವನನ್ನು ಪೋಷಿಸಿದರು.

ಅಲಿ ನಿಷೇಧದಲ್ಲಿದ್ದಾಗ ಇಬ್ಬರೂ ಗೆಳೆಯರೇ ಆಗಿದ್ದರು. ಫ್ರೇಜರ್ ಅವನ ಕಷ್ಟಕ್ಕೆ ಹಣ ಕೊಟ್ಟ, ಅಲಿಗೆ ಪರವಾನಗಿ ಕೊಡಬೇಕೆಂದು ವಾದಿಸಿದ. 1970ರಲ್ಲಿ ಒಮ್ಮೆ ಇಬ್ಬರೂ ಫಿಲಡೆಲ್ಫಿಯಾದಿಂದ ನ್ಯೂಯಾರ್ಕಿಗೆ ಒಂದೇ ಕಾರಿನಲ್ಲಿ ಹೋದರು. ದಾರಿಯುದ್ದದ ಮಾತನ್ನು ಅಲಿಯ ಆತ್ಮಕಥೆಗೆಂದು ಟೇಪ್ ಮಾಡಲಾಗಿತ್ತು. ಮುಂದೆ ಎದುರಾಳಿಗಳಾಗಿ ಹೇಗೆ ಬೆಂಕಿ ಎಬ್ಬಿಸಬಹುದೆಂದು ಇಬ್ಬರೂ ಹುಡುಗರಂತೆ ಲೆಕ್ಕ ಹಾಕಿದ್ದರು.

ಪಂದ್ಯ ಗೊತ್ತಾದ ಕೂಡಲೇ ಅಲಿ ಗಾರ್ಜಸ್ ಜಾರ್ಜ್‌ನ ಪಾಠವನ್ನು ತೆರೆದ. ಈ ಸಲ ಅದರ ವಿಷ ಬೇರೆ. ಫ್ರೇಜರ್ ಬಿಳಿಯರಿಗೆ ಸಲಾಮು ಹೊಡೆಯುವ ಕರಿಯ, ದಡ್ಡ, ಚಾಂಪಿಯನ್ ಅನ್ನಿಸಿಕೊಳ್ಳಲು ಕುರೂಪಿ ಎಂದ. ಅವನನ್ನು ಬೆಂಬಲಿಸುವ ಕರಿಯನೂ ದ್ರೋಹಿಯೇ ಎಂಬ ಅರ್ಥದ ಮಾತಾಡಿದ. ಹತ್ತು ಎಕರೆಯ ಒಕ್ಕಲು ಮನೆಯಿಂದ ಬಂದವನನ್ನು, ಬೋರ್ಡು ಬರೆಯುವವನ ಮಗ, ಹನ್ನೊಂದು ಬಿಳಿಯ ಸಾಹುಕಾರರ ದುಡ್ಡಿನಲ್ಲಿ ಮೇಲೆ ಬಂದವನು, ಬಿಳಿಯರ ಕೈಗೊಂಬೆ ಎಂದು ಕರೆದ. ಫ್ರೇಜರ್‌ಗೆ ಇದಕ್ಕೆ ಮಾತಿನ ಉತ್ತರ ಗೊತ್ತಿರಲಿಲ್ಲ. ಅವನು ಅಲಿಯನ್ನು ಕ್ಲೇ ಎಂದೇ ಕರೆಯುತ್ತ ಹೋದ. ಅದು ಸೇಡಿನ ಹಠ, ಆದರೆ ಅಲಿಯ ಆರೋಪಕ್ಕೆ ಪುರಾವೆಯಂತೆಯೂ ಕಂಡಿತು. ಕೊಲೆ ಬೆದರಿಕೆಗಳು ಬಂದವು, ಪೊಲೀಸ್ ಕಾವಲು ಬೇಕಾಯಿತು. ಮಗ ಮಾರ್ವಿಸ್ ಶಾಲೆಯಲ್ಲಿ ಹುಡುಗರ ಮೂದಲಿಕೆ ಕೇಳಬೇಕಾಯಿತು.

ಇತ್ತ ವಿಯೆಟ್ನಾಂ ಯುದ್ಧದ ಪರವಿದ್ದವರು, ಅಲಿಯ ಧರ್ಮ ಮತ್ತು ಬಾಯಿ ಎರಡನ್ನೂ ಸಹಿಸದ ಬಿಳಿಯರು ಫ್ರೇಜರ್ ಹಿಂದೆ ಸಾಲುಗಟ್ಟಿದರು. ಅವರಲ್ಲಿ ಎಷ್ಟು ಮಂದಿಗೆ ಬ್ಯೂಫರ್ಟ್‌ನ ಹಂದಿಯ ಕಥೆ, ಹೆಬ್ಬೆರಳಿನ ಕಥೆ ಗೊತ್ತಿತ್ತು? ಫ್ರೇಜರ್ ಯುದ್ಧದ ಬಗ್ಗೆ ಭಾಷಣ ಬಿಗಿದವನಲ್ಲ, ಯಾವ ಪಕ್ಷದ ಬಾವುಟವನ್ನೂ ಹಿಡಿದವನಲ್ಲ. ಎರಡೂ ಕಡೆಯವರು ಸೇರಿ ಅವನನ್ನು ಅಳಿಸಿದರು: ಬೈದವರು ಅಲಿಯ ಮಾತು ನಂಬಿ ಬೈದರು, ಹೊಗಳಿದವರೂ ಅಲಿಯ ಮಾತು ನಂಬಿಯೇ ಹೊಗಳಿದರು.

ಪಂದ್ಯ ಮಾತ್ರ ಅವನದೇ. ಗಲ್ಲವನ್ನು ಎದೆಗೆ ಒತ್ತಿಕೊಂಡು, ತಲೆಯನ್ನು ಮೇಲೆ ಕೆಳಗೆ ಆಡಿಸುತ್ತ, ಒಂದು ಗುದ್ದು ಹಾಕಲು ಮೂರು ಗುದ್ದು ತಿನ್ನುತ್ತ ಮುನ್ನುಗ್ಗಿದ. ಮೊದಲ ಸುತ್ತುಗಳಲ್ಲಿ ಅಲಿಯ ಕೈ ಮೇಲಿತ್ತು. ಹನ್ನೊಂದನೇ ಸುತ್ತಿನಲ್ಲಿ ಹುಕ್ ಒಂದು ತಗುಲಿ ಅಲಿಯ ಮಂಡಿ ಕುಸಿಯಿತು. ಏನೂ ಆಗಿಲ್ಲವೆಂಬ ನಟನೆಯಲ್ಲಿ ತೂರಾಡುತ್ತ ಹೇಗೋ ಪಾರಾದ. ಹದಿನೈದನೇ ಸುತ್ತು ಶುರುವಾಗಿ ಅರ್ಧ ನಿಮಿಷವೂ ಕಳೆದಿರಲಿಲ್ಲ, ನೆಲದ ಹತ್ತಿರದಿಂದ ಎದ್ದ ಎಡಗೈ ದವಡೆಗೆ ಬಂದು ಕೂತಿತು. ಅಲಿ ಅಂಗಾತ ಬಿದ್ದ, ಕಾಲು ಮೇಲೆ ಹಾರಿತು, ಕೆಂಪು ಕುಚ್ಚುಗಳಿದ್ದ ಶೂ ಕ್ಯಾಮೆರಾಗಳಿಗೆ ಕಂಡಿತು. ರೆಫರಿ ಎಣಿಕೆ ಮುಗಿಸುವ ಮೊದಲೇ, ನಾಲ್ಕಕ್ಕೋ ಐದಕ್ಕೋ, ಎದ್ದು ನಿಂತ. ಆ ಗುದ್ದಿಗೆ ಎದ್ದು ನಿಂತದ್ದೇ ಅವನ ದಂತಕಥೆಯ ಒಂದು ಅಧ್ಯಾಯವಾಯಿತು ಎಂಬುದನ್ನು ಗಮನಿಸಬೇಕು. ಹೊಡೆದವನಿಗಿಂತ ಬಿದ್ದು ಎದ್ದವನ ಬಗ್ಗೆಯೇ ಹೆಚ್ಚು ಬರೆದರು. ಗೆದ್ದ ಫ್ರೇಜರ್ ಆಸ್ಪತ್ರೆ ಸೇರಿ ದಿನಗಟ್ಟಲೆ ಮಲಗಿದ. ಮರು ತಿಂಗಳು ದಕ್ಷಿಣ ಕೆರೊಲಿನಾದ ಶಾಸನಸಭೆ ಅವನನ್ನು ಕರೆಸಿ ಮಾತಾಡಿಸಿತು. ಅಂತರ್ಯುದ್ಧದ ನಂತರದ ದಶಕಗಳಾದ ಮೇಲೆ ಅಲ್ಲಿ ನಿಂತು ಮಾತಾಡಿದ ಮೊದಲ ಕರಿಯ ಅವನು. ಹೀಗಿದ್ದೂ ಮುಂದೆ ಹೆಸರಾಂತ ಟಿವಿ ನಿರೂಪಕನಾದ ಬ್ರಯಂಟ್ ಗಂಬೆಲ್, ತಾನೂ ಕರಿಯನೇ, ‘ಬ್ಲ್ಯಾಕ್ ಸ್ಪೋರ್ಟ್ಸ್’ ಪತ್ರಿಕೆಯಲ್ಲಿ ಫ್ರೇಜರ್ ಕಪ್ಪು ತೊಗಲಿನ ಬಿಳಿ ಚಾಂಪಿಯನ್ನೇ ಎಂದು ಕೇಳುವ ಲೇಖನ ಬರೆದ. ಜೂನ್ 28ರಂದು ಸುಪ್ರೀಂ ಕೋರ್ಟ್ 8-0ರಲ್ಲಿ ಅಲಿಯ ಶಿಕ್ಷೆಯನ್ನು ರದ್ದುಮಾಡಿತು. ಸೋತವನು ನಾಲ್ಕು ತಿಂಗಳೊಳಗೇ ದೊಡ್ಡ ಪಂದ್ಯ ಗೆದ್ದಿದ್ದ.

ಎರಡನೇ ಪಂದ್ಯ, 1974ರ ಜನವರಿಯದು, ಅಲಿ ಗೆದ್ದ. ಆಟಕ್ಕಿಂತ ಅದರ ಮುಂಚಿನ ವಾರ ಟಿವಿ ಸ್ಟುಡಿಯೊದಲ್ಲಿ ಇಬ್ಬರೂ ನೆಲಕ್ಕೆ ಬಿದ್ದು ಹೊರಳಾಡಿದ್ದೇ ಜನರಿಗೆ ನೆನಪು. ದಡ್ಡ ಎಂಬ ಮಾತಿಗೆ ಫ್ರೇಜರ್ ಕುರ್ಚಿ ಬಿಟ್ಟು ಎದ್ದಿದ್ದ. ತಲಾ ಐದು ಸಾವಿರ ಡಾಲರ್ ದಂಡ ಬಿತ್ತು.

ಅದೇ ವರ್ಷ ಅಕ್ಟೋಬರ್ 30ರಂದು ಆಫ್ರಿಕಾದ ಕಿನ್ಶಾಸಾದಲ್ಲಿ ಪಾತ್ರ ಹಂಚಿಕೆಯ ಆಟ ಅದರ ತುದಿ ಮುಟ್ಟಿತು. ಅಲಿಯ ಎದುರಾಳಿ, ಫ್ರೇಜರ್‌ನನ್ನು ಎರಡು ಸುತ್ತಿನಲ್ಲಿ ಆರು ಸಲ ಕೆಡವಿ ಪಟ್ಟ ಕಿತ್ತುಕೊಂಡಿದ್ದ ಜಾರ್ಜ್ ಫೋರ್ಮನ್ ಕೂಡ ಕರಿಯನೇ, ಅಲಿಗಿಂತ ಹೆಚ್ಚು ಬಡತನದಿಂದ ಬಂದವನೇ. ಆದರೆ ಅವನು ಜರ್ಮನ್ ಷೆಪರ್ಡ್ ನಾಯಿಯೊಂದಿಗೆ ವಿಮಾನದಿಂದ ಇಳಿದ. ಬೆಲ್ಜಿಯಂ ಆಳ್ವಿಕೆಯ ಪೊಲೀಸರು ಅಂಥ ನಾಯಿಗಳನ್ನು ಛೂ ಬಿಡುತ್ತಿದ್ದುದನ್ನು ಕಂಡ ಊರು ಅದು. ಫೋರ್ಮನ್‌ಗೆ ಅದು ಬರೀ ಸಾಕಿದ ನಾಯಿ. ಅಲಿ ಬೀದಿಗಿಳಿದು ಜನರ ಬಾಯಿಗೆ ಘೋಷಣೆ ಹಾಕಿದ. ಎಂಟನೇ ಸುತ್ತಿನಲ್ಲಿ ಫೋರ್ಮನ್ ಬಿದ್ದಾಗ ಇಡೀ ಆಫ್ರಿಕಾ ಗೆದ್ದಿತು ಎಂದು ಬರೆದವರು, ಸೋತವನು ಎಲ್ಲಿಯವನು ಎಂದು ಕೇಳಲು ಮರೆತರು. ಖರ್ಚು ಕೊಟ್ಟ ಸರ್ವಾಧಿಕಾರಿ ಮೊಬುಟುವಿಗೂ ತನ್ನದೊಂದು ಚಿತ್ರ ತಿದ್ದಿಕೊಳ್ಳುವುದಿತ್ತು.

ಮರುವರ್ಷ ಅಕ್ಟೋಬರ್ 1ರಂದು ಮನಿಲಾದಲ್ಲಿ ಅಲಿ-ಫ್ರೇಜರ್ ಮೂರನೇ ಪಂದ್ಯ. ಅಲ್ಲೂ ಸರ್ವಾಧಿಕಾರಿ, ಮಾರ್ಕೋಸ್. ಅಲಿ ರಬ್ಬರಿನ ಗೊರಿಲ್ಲಾ ಬೊಂಬೆಯೊಂದನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿ, ಪತ್ರಕರ್ತರ ಮುಂದೆ ಅದನ್ನು ಗುದ್ದಿ ತೋರಿಸುತ್ತಿದ್ದ. ಬಿಳಿಯನೊಬ್ಬ ಹಾಗೆ ಮಾಡಿದ್ದರೆ ಆಗುತ್ತಿದ್ದ ಗದ್ದಲವನ್ನು ಊಹಿಸಬಹುದು. ಪತ್ರಕರ್ತರು ನಕ್ಕರು, ಬರೆದುಕೊಂಡರು. ಬೆಳಗಿನ ಹೊತ್ತಿನ ಪಂದ್ಯ, ಅಮೆರಿಕದ ರಾತ್ರಿ ಟಿವಿಗೆ ಹೊಂದುವಂತೆ. ಅರನೇಟಾ ಕೊಲಿಸಿಯಂ ಒಳಗೆ ಸೆಕೆಯಲ್ಲಿ ಉಸಿರಾಡುವುದೇ ಕಷ್ಟ. ಎಚ್‌ಬಿಒ ಉಪಗ್ರಹದ ಮೂಲಕ ಪ್ರಸಾರ ಶುರುಮಾಡಿದ್ದು ಈ ಪಂದ್ಯದಿಂದಲೇ. ಮೊದಲು ಅಲಿ, ನಡುವೆ ಫ್ರೇಜರ್, ಕೊನೆಗೆ ಮತ್ತೆ ಅಲಿ. ಹದಿನಾಲ್ಕನೇ ಸುತ್ತು ಮುಗಿಯುವ ಹೊತ್ತಿಗೆ ಫ್ರೇಜರ್‌ನ ಬಲಗಣ್ಣು ಊದಿ ಮುಚ್ಚಿಹೋಗಿತ್ತು. ಎಡಗಣ್ಣಿನ ದೃಷ್ಟಿ ವರ್ಷಗಳಿಂದಲೇ ಮಂದವಾಗಿದ್ದನ್ನು ಅವನು ಬಹಿರಂಗವಾಗಿ ಹೇಳಿರಲಿಲ್ಲ. ಬರುವ ಗುದ್ದು ಕಾಣುತ್ತಿರಲಿಲ್ಲ. ತರಬೇತುದಾರ ಎಡ್ಡಿ ಫಚ್ ಸಾಕು ಎಂದ. ಫ್ರೇಜರ್ ಬೇಡವೆಂದು ಏಳಹೋದ. ಫಚ್ ಅವನ ಹೆಗಲ ಮೇಲೆ ಕೈಯಿಟ್ಟು ಕೂರಿಸಿದ. ರಿಂಗಿನಲ್ಲಿ ಸತ್ತ ಬಾಕ್ಸರ್‌ಗಳನ್ನು ಫಚ್ ಕಣ್ಣಾರೆ ಕಂಡಿದ್ದ. ಎದುರು ಮೂಲೆಯಲ್ಲಿ ಅಲಿ ಎದ್ದು ಕೈ ಎತ್ತಿದವನು ಅಲ್ಲೇ ಕುಸಿದ. ಸಾವಿಗೆ ಅಷ್ಟು ಹತ್ತಿರ ಹಿಂದೆಂದೂ ಹೋಗಿರಲಿಲ್ಲ ಎಂದು ಆಮೇಲೆ ಅವನೇ ಹೇಳಿದ. ಮನಿಲಾದಲ್ಲಿ ಅವನ ಹೆಸರಿನ ಶಾಪಿಂಗ್ ಮಾಲ್ ಎದ್ದಿತು. ‘ಅಲಿ ಮಾಲ್’ ಆ ಕ್ರೀಡಾಂಗಣದ ಮಗ್ಗುಲಲ್ಲೇ ಇದೆ.

ಮುಂದಿನ ವರ್ಷ, 1976ರಲ್ಲಿ, ‘ರಾಕಿ’ ಸಿನಿಮಾ ಬಂತು. ಫಿಲಡೆಲ್ಫಿಯಾದ ಬಡ ಬಾಕ್ಸರ್, ಕಸಾಯಿಖಾನೆಯ ಮಾಂಸ ಗುದ್ದಿ ಅಭ್ಯಾಸ ಮಾಡುವವನು, ಮಾತು ಬಾರದವನು, ಬಾಯಿಬಡುಕ ಕರಿಯ ಚಾಂಪಿಯನ್ ಎದುರು ಹದಿನೈದು ಸುತ್ತು ನಿಲ್ಲುವವನು. ಜೋ ಫ್ರೇಜರ್‌ನ ಬದುಕು, ಮೈಬಣ್ಣ ಮಾತ್ರ ಬಿಳಿ. ಅದರಲ್ಲೊಂದು ಕಡೆ ಫ್ರೇಜರ್‌ನೇ ಬಂದು ಕೈಬೀಸಿ ಹೋಗುತ್ತಾನೆ. ಹಿಂದೆ ಜೆಫ್ರೀಸ್‌ನಲ್ಲಿ ಹುಡುಕಿದ ಬಿಳಿಯ ವೀರನನ್ನು ಕೊನೆಗೆ ಸಿಲ್ವೆಸ್ಟರ್ ಸ್ಟಾಲೋನ್ ಬೆಳ್ಳಿತೆರೆಯ ಮೇಲೆ ಒದಗಿಸಿದ. ಫಿಲಡೆಲ್ಫಿಯಾದ ಕಲಾ ಸಂಗ್ರಹಾಲಯದ ಮೆಟ್ಟಿಲ ಬಳಿ ಹುಟ್ಟಿಯೇ ಇಲ್ಲದ ರಾಕಿಯ ಕಂಚಿನ ಪ್ರತಿಮೆ 1980ರ ದಶಕದಲ್ಲೇ ಬಂತು. ಅದೇ ಊರಿನಲ್ಲಿ ಬದುಕಿ ಚಾಂಪಿಯನ್ ಆದ ಫ್ರೇಜರ್‌ನ ಪ್ರತಿಮೆ ಎದ್ದದ್ದು 2015ರಲ್ಲಿ, ಅವನು ಸತ್ತು ನಾಲ್ಕು ವರ್ಷದ ಮೇಲೆ. ಅಷ್ಟರಲ್ಲಿ ನಾರ್ತ್ ಬ್ರಾಡ್ ಬೀದಿಯಲ್ಲಿ ಅವನು ನಡೆಸುತ್ತಿದ್ದ, ಮೇಲುಮಹಡಿಯಲ್ಲಿ ಅವನೇ ವಾಸವಿದ್ದ ಜಿಮ್ ಮುಚ್ಚಿ, ಅಲ್ಲಿ ಅಗ್ಗದ ಮಂಚ ಸೋಫಾಗಳ ಅಂಗಡಿ ಬಂದಿತ್ತು.

ಚಿತ್ರವನ್ನು ತಿದ್ದಿಕೊಂಡವರೂ ಇದ್ದಾರೆ. ಫೋರ್ಮನ್ 1977ರಲ್ಲಿ ರಿಂಗು ಬಿಟ್ಟು ಪಾದ್ರಿಯಾದ, ಹತ್ತು ವರ್ಷದ ನಂತರ ಬೋಳುತಲೆ, ಬೊಜ್ಜುಹೊಟ್ಟೆ ಹೊತ್ತು ನಗುನಗುತ್ತ ವಾಪಸಾದ. 1994ರಲ್ಲಿ, ನಲವತ್ತೈದನೇ ವಯಸ್ಸಿನಲ್ಲಿ, ಕಿನ್ಶಾಸಾದಲ್ಲಿ ಸೋತಾಗ ತೊಟ್ಟಿದ್ದ ಅದೇ ಕೆಂಪು ಚಡ್ಡಿ ತೊಟ್ಟು ಮೈಕಲ್ ಮೂರರ್‌ನನ್ನು ಕೆಡವಿ ಮತ್ತೆ ಚಾಂಪಿಯನ್ ಆದ. ಆಮೇಲೆ ಅವನ ಹೆಸರಿನ ವಿದ್ಯುತ್ ಗ್ರಿಲ್ ಅಮೆರಿಕದ ಅಡುಗೆಮನೆಗಳಿಗೆ ನುಗ್ಗಿತು. 1999ರಲ್ಲಿ ಆ ಹೆಸರನ್ನು ಬಳಸುವ ಹಕ್ಕಿಗೇ 13.75 ಕೋಟಿ ಡಾಲರ್ ಸಿಕ್ಕಿತು. ಎರಡು ದಶಕಗಳ ಹಿಂದೆ ಆ ಮುಖ ಕಂಡರೆ ಜನ ರಸ್ತೆ ದಾಟಿ ಆಚೆ ಹೋಗುತ್ತಿದ್ದರು. ಫ್ರೇಜರ್‌ಗೆ ಈ ವಿದ್ಯೆ ಒಲಿಯಲಿಲ್ಲ. 1996ರಲ್ಲಿ ಪಾರ್ಕಿನ್ಸನ್ ರೋಗದಿಂದ ನಡುಗುವ ಕೈಯಲ್ಲಿ ಅಲಿ ಅಟ್ಲಾಂಟಾ ಒಲಿಂಪಿಕ್ಸ್‌ನ ಜ್ಯೋತಿ ಬೆಳಗಿಸಿದಾಗ ಇಡೀ ಜಗತ್ತು ಕಣ್ಣೊರೆಸಿಕೊಂಡಿತು; ಫ್ರೇಜರ್ ಮಾತ್ರ ಅವನನ್ನು ಆ ಬೆಂಕಿಗೇ ತಳ್ಳಬೇಕಿತ್ತು ಎಂಬರ್ಥದ ಮಾತಾಡಿದ. ಕ್ರೂರ ಮಾತು. ಆದರೆ ಅಲಿಯ ಹಳೆಯ ಮಾತುಗಳನ್ನು ಜಾಣತನವೆಂದು ನಕ್ಕು ಬರೆದುಕೊಂಡವರಿಗೆ ಈ ಮಾತನ್ನು ಮಾತ್ರ ಕ್ರೂರವೆನ್ನುವ ಹಕ್ಕು ಎಷ್ಟಿದೆ? 2001ರಲ್ಲಿ ಅಲಿ ಪತ್ರಿಕೆಯೊಂದರ ಮೂಲಕ ಕ್ಷಮೆ ಕೇಳಿದ, ಅದೆಲ್ಲ ಪಂದ್ಯದ ಪ್ರಚಾರಕ್ಕೆಂದು ಆಡಿದ್ದು ಎಂದ. 2011ರ ನವೆಂಬರಿನಲ್ಲಿ ಫ್ರೇಜರ್‌ನ ಅಂತ್ಯಕ್ರಿಯೆಗೆ ಬಂದು ಎದ್ದು ನಿಂತು ಚಪ್ಪಾಳೆ ತಟ್ಟಿದ.

ನಮ್ಮ ದೇಶಕ್ಕೂ ಅಲಿ ಬಂದಿದ್ದ. 1980ರ ಆರಂಭದಲ್ಲಿ ಮದ್ರಾಸಿನಲ್ಲಿ ಜಿಮ್ಮಿ ಎಲಿಸ್ ಜೊತೆ ಪ್ರದರ್ಶನ ಪಂದ್ಯ ಆಡಿದ, ಜನ ಮುಗಿಬಿದ್ದರು. 1970ರಲ್ಲಿ ಎಲಿಸ್‌ನನ್ನು ಸೋಲಿಸಿಯೇ ಫ್ರೇಜರ್ ಪೂರ್ಣ ಪಟ್ಟ ಪಡೆದದ್ದು. ಮದ್ರಾಸಿನ ಸ್ಟೇಡಿಯಂನಲ್ಲಿ ಎಷ್ಟು ಜನಕ್ಕೆ ಅದು ಗೊತ್ತಿತ್ತೋ.

ನಮ್ಮಲ್ಲೇ ಹುಟ್ಟಿದ ಪೈಪೋಟಿಯೂ ಒಂದಿದೆ. 2019ರಲ್ಲಿ ಒಲಿಂಪಿಕ್ ಅರ್ಹತಾ ಪಂದ್ಯಗಳಿಗೆ 51 ಕೆ.ಜಿ. ವಿಭಾಗದಲ್ಲಿ ಮೇರಿ ಕೋಮ್ ಅವರನ್ನು ಆಯ್ಕೆ ಟ್ರಯಲ್ ಇಲ್ಲದೆ ಕಳಿಸುವ ಮಾತು ಬಂದಾಗ ನಿಜಾಮಾಬಾದಿನ ನಿಖತ್ ಝರೀನ್ ಕ್ರೀಡಾ ಸಚಿವರಿಗೆ ಪತ್ರ ಬರೆದು ಟ್ರಯಲ್ ಕೇಳಿದರು. ಮೇರಿ ಆರು ಸಲದ ವಿಶ್ವ ಚಾಂಪಿಯನ್, ಅವರ ಬದುಕಿನ ಮೇಲೆ ಹಿಂದಿ ಸಿನಿಮಾವೇ ಬಂದಿತ್ತು, ನಿಖತ್‌ಗೆ ಇಪ್ಪತ್ಮೂರು. ಯಾರಾಕೆ ಎಂಬ ಧಾಟಿಯ ಮಾತು ಮೇರಿಯವರಿಂದ ಬಂತು. ಡಿಸೆಂಬರ್ ಕೊನೆಯಲ್ಲಿ ದೆಹಲಿಯಲ್ಲಿ ಟ್ರಯಲ್ ನಡೆದು 9-1ರಿಂದ ಮೇರಿ ಗೆದ್ದರು, ಕೈಕುಲುಕದೆ ಹೋದರು. ತೆಲಂಗಾಣದವರು ತೀರ್ಪಿನ ಬಗ್ಗೆ ಗಲಾಟೆ ಮಾಡಿದರು. ಟ್ರಯಲ್ ಕೇಳುವುದು ಯಾವ ಆಟಗಾರ್ತಿಗಾದರೂ ಇರುವ ಸಾಮಾನ್ಯ ಹಕ್ಕು. ಅದನ್ನು ಅನೇಕರು ಹಿರಿಯರಿಗೆ ತೋರಿದ ಅಗೌರವವೆಂದು ನೋಡಿದರು. ನಿಖತ್ 2022ರಲ್ಲಿ ಇಸ್ತಾಂಬುಲ್‌ನಲ್ಲಿ, 2023ರಲ್ಲಿ ದೆಹಲಿಯಲ್ಲಿ ವಿಶ್ವ ಚಾಂಪಿಯನ್ ಆದ ಮೇಲೆ ಅದೇ ಹಟವನ್ನು ಜನ ಛಲ ಎಂದು ಕರೆಯತೊಡಗಿದರು.

ಅಲಿ ಮತ್ತು ಫ್ರೇಜರ್ ಹೆಸರುಗಳು ಮತ್ತೊಮ್ಮೆ ರಿಂಗಿನಲ್ಲಿ ಎದುರಾದದ್ದು 2001ರ ಜೂನ್ 8ರಂದು, ನ್ಯೂಯಾರ್ಕ್ ರಾಜ್ಯದ ವೆರೋನಾದಲ್ಲಿ. ಆಡಿದವರು ಅವರ ಹೆಣ್ಣುಮಕ್ಕಳು: ಲೈಲಾ ಅಲಿ, ಜಾಕಿ ಫ್ರೇಜರ್-ಲೈಡ್. ಜಾಕಿ ಮೂವತ್ತೊಂಬತ್ತರ ವಕೀಲೆ, ರಿಂಗಿಗೆ ಇಳಿದು ಬಹಳ ಕಾಲವಾಗಿರಲಿಲ್ಲ. ಅಪ್ಪಂದಿರ ಮೂರು ಪಂದ್ಯಗಳಿಗೆ ಇದು ನಾಲ್ಕನೆಯದೆಂದು ಪ್ರಚಾರ ಮಾಡಿದರು, ಟಿವಿಯಲ್ಲಿ ನೋಡಲು ಜನ ದುಡ್ಡು ಕೊಟ್ಟರು. ಎಂಟು ಸುತ್ತಿನ ಕೊನೆಗೆ ಇಬ್ಬರು ತೀರ್ಪುಗಾರರು ಲೈಲಾ ಪರ, ಒಬ್ಬರು ಸಮ ಎಂದರು. ಜಾಕಿ ಮುಂದೆ ಫಿಲಡೆಲ್ಫಿಯಾದ ಮುನ್ಸಿಪಲ್ ನ್ಯಾಯಾಲಯದಲ್ಲಿ ನ್ಯಾಯಾಧೀಶೆಯಾದರು.